ಚಿತ್ರ ಕೊಳ್ಳುವ ಮುನ್ನ: ಹಡಗಿನ ಹರಾಜಿನಿಂದ ಮೈಸೂರಿನ ಷೋರೂಮಿನವರೆಗೆ

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗುವ ಮೈಸೂರಿನ ಹಿರಿಯರು ಈಗ ನಯಾಗರದ ಜೊತೆಗೆ ಅಲಾಸ್ಕ, ಬಹಾಮಾಸ್‌ಗಳ ಕ್ರೂಸ್ ಯಾನವನ್ನೂ ಮುಗಿಸಿಕೊಂಡು ಬರುತ್ತಾರೆ. ಆ ಹಡಗುಗಳಲ್ಲಿ ಊಟ, ಈಜುಕೊಳ, ಸಂಗೀತದ ಜೊತೆಗೆ ಚಿತ್ರಗಳ ಹರಾಜೂ ನಡೆಯುತ್ತದೆ. ಕೈಗೆ ಷಾಂಪೇನಿನ ಲೋಟ ಕೊಟ್ಟು, ಊರಲ್ಲಿ ಇದರ ಬೆಲೆ ಎರಡು ಪಟ್ಟು ಎಂದು ಹೇಳಿದಾಗ ಕೈ ಎತ್ತುವವರು ಕಡಿಮೆಯೇನಲ್ಲ. ಅದೇ ಹೊತ್ತಿಗೆ ಮೈಸೂರಿನಲ್ಲಿ ಅರಮನೆ ನೋಡಿ ಹೊರಬಂದ ಪ್ರವಾಸಿಯೊಬ್ಬ, ಟ್ಯಾಕ್ಸಿಯವರು ಕರೆದೊಯ್ದ ಷೋರೂಮಿನಲ್ಲಿ ಗಜಲಕ್ಷ್ಮಿಯ ಚಿತ್ರದ ಮುಂದೆ ನಿಂತಿರುತ್ತಾನೆ. ಅಪ್ಪಟ ಚಿನ್ನದ ಕೆಲಸ, ಮುಂದೆ ಬೆಲೆ ಏರುತ್ತದೆ ಎಂಬ ಮಾತು ಅವನ ಕಿವಿಗೂ ಬೀಳುತ್ತದೆ.

ಇಬ್ಬರ ಸ್ಥಿತಿಯೂ ಒಂದೇ. ರಜೆಯ ಹುರುಪು, ಸಮಯದ ಅಭಾವ, ಪಕ್ಕದಲ್ಲಿ ಹೋಲಿಸಿ ನೋಡಲು ಬೇರೆ ಅಂಗಡಿ ಇಲ್ಲ, ಮಾರುವವರ ಮಾತೇ ಆಧಾರ. ಹೀಗೆ ಕೊಂಡ ಕಲೆಗೆ ಕೊಟ್ಟ ಹಣ ಸಾರ್ಥಕವೇ ಎಂಬುದನ್ನು ಹಡಗಿನಿಂದ ಶುರುಮಾಡಿ ನಮ್ಮ ಊರಿನ ಪೇಟೆಯವರೆಗೆ ಒಮ್ಮೆ ಪರಿಶೀಲಿಸುವುದು ಒಳ್ಳೆಯದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಚಿತ್ರವನ್ನು ಬರೆದ ಕೈಗೆ ಎಷ್ಟು ಹತ್ತಿರ ಹೋಗಿ ಕೊಳ್ಳುತ್ತೇವೋ ಅಷ್ಟು ನಮ್ಮ ಹಣ ಸಾರ್ಥಕ. ದೂರ ಹೋದಷ್ಟೂ ನಾವು ಕೊಡುವುದು ಮಾತಿಗೆ, ಬಾಡಿಗೆಗೆ, ಕಮಿಷನ್‌ಗೆ.

ಹಡಗಿನಲ್ಲಿ ನಡೆಯುವುದೇನು?

ಹಡಗಿನ ಕಲಾ ವ್ಯಾಪಾರದಲ್ಲಿ ದೊಡ್ಡ ಹೆಸರು ಅಮೆರಿಕದ ಮಿಷಿಗನ್ ರಾಜ್ಯದ ಪಾರ್ಕ್ ವೆಸ್ಟ್ ಗ್ಯಾಲರಿ. 1969ರಲ್ಲಿ ಹುಟ್ಟಿದ ಈ ಸಂಸ್ಥೆ 1990ರ ದಶಕದಿಂದ ಕ್ರೂಸ್ ಹಡಗುಗಳಲ್ಲಿ ಹರಾಜು ನಡೆಸುತ್ತಾ ಬಂದಿದೆ. 2008ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಈ ಹರಾಜುಗಳ ಬಗ್ಗೆ ಗ್ರಾಹಕರ ದೂರುಗಳನ್ನು ವರದಿ ಮಾಡಿತು. ಅದರ ಬೆನ್ನಲ್ಲೇ ಹಲವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಸಂಸ್ಥೆ ಆರೋಪಗಳನ್ನು ಅಲ್ಲಗಳೆಯಿತು. ಯಾರು ಸರಿ, ಯಾರು ತಪ್ಪು ಎಂಬುದಕ್ಕಿಂತ ಈ ವ್ಯಾಪಾರದ ರಚನೆಯನ್ನು ಅರ್ಥ ಮಾಡಿಕೊಳ್ಳುವುದು ಕೊಳ್ಳುವವರಿಗೆ ಮುಖ್ಯ.

ಸಾಮಾನ್ಯ ಹರಾಜಿನಲ್ಲಿ ವಸ್ತು ಬೇರೊಬ್ಬರದು. ಹರಾಜು ಮನೆ ನಡುವೆ ನಿಂತು ಮಾರುವವರು, ಕೊಳ್ಳುವವರು ಇಬ್ಬರಿಂದಲೂ ಶುಲ್ಕ ಪಡೆಯುತ್ತದೆ. ಹಡಗಿನಲ್ಲಾದರೋ ಮಾಲು ಬಹುತೇಕ ಮಾರುವ ಗ್ಯಾಲರಿಯದೇ. ಕೂಗುವವರು ಅದರ ಕಡೆಯವರೇ, ಬೆಲೆಯ ಪ್ರಮಾಣಪತ್ರ ಕೊಡುವವರೂ ಅದರ ಕಡೆಯವರೇ. ಹರಾಜಿಗೆ ಬರುವುದರಲ್ಲಿ ಬಹಳಷ್ಟು ಒಂದೇ ಅಚ್ಚಿನಿಂದ ತೆಗೆದ ನೂರಾರು ಪ್ರತಿಗಳಲ್ಲಿ ಒಂದು. ಈ ಹಡಗಿನಲ್ಲಿ ಸ್ಪರ್ಧಿಸಿ ಗೆದ್ದ ಪ್ರತಿಯ ಜೊತೆಗಾರ ಪ್ರತಿಗಳು ಮತ್ತೊಂದು ಹಡಗಿನಲ್ಲೂ ಹರಾಜಾಗುತ್ತಿರಬಹುದು. ಹಡಗು ತೆರೆದ ಸಮುದ್ರದಲ್ಲಿರುವಾಗ ಯಾವ ದೇಶದ ಗ್ರಾಹಕ ಕಾನೂನು ಅನ್ವಯಿಸುತ್ತದೆ ಎಂಬುದೇ ತೊಡಕು. ಭಾರತಕ್ಕೆ ತರುವಾಗ ಸುಂಕವಿಲ್ಲದ ಮಿತಿ ದಾಟಿದರೆ ಕಸ್ಟಮ್ಸ್ ಸುಂಕ ಬೇರೆ.

ಪ್ರಸಿದ್ಧರ ಸಹಿ ಇದೆಯಲ್ಲ ಎಂದು ಸಮಾಧಾನಪಡುವವರಿದ್ದಾರೆ. ಸಹಿಯ ಕಥೆಗೆ ಕಲಾವಿದ ಸಾಲ್ವಡೋರ್ ಡಾಲಿಗಿಂತ ದೊಡ್ಡ ಪಾಠವಿಲ್ಲ. 1974ರಲ್ಲಿ ಫ್ರಾನ್ಸಿನ ಗಡಿಯಲ್ಲಿ ತಡೆದ ಲಾರಿಯೊಂದರಲ್ಲಿ ಡಾಲಿ ಸಹಿ ಮಾಡಿದ ಸುಮಾರು 40,000 ಖಾಲಿ ಹಾಳೆಗಳು ಸಿಕ್ಕವು. ಸಹಿ ಅಸಲಿ, ಆದರೆ ಅದರ ಮೇಲೆ ಯಾರು ಏನು ಮುದ್ರಿಸಿದರು ಎಂಬುದಕ್ಕೆ ಆ ಸಹಿ ಸಾಕ್ಷಿಯಲ್ಲ. ಅಂದಿನಿಂದ ಡಾಲಿಯ ಅಚ್ಚು ಚಿತ್ರಗಳ ಪೇಟೆಯಲ್ಲಿ ಅನುಮಾನ ಹೋಗಿಲ್ಲ.

ಮರುಮಾರಾಟವೇ ಒರೆಗಲ್ಲು

ಕೊಂಡ ಚಿತ್ರಕ್ಕೆ ಬೆಲೆ ಇದೆಯೇ ಎಂದು ತಿಳಿಯುವುದು ಅದನ್ನು ಮಾರಲು ಹೊರಟಾಗ. ಗಟ್ಟಿ ಹೆಸರಿನ ಹರಾಜು ಮನೆಯಲ್ಲೂ ಲೆಕ್ಕ ಹೀಗಿರುತ್ತದೆ. ಕೂಗು 1 ಲಕ್ಷ ರೂಪಾಯಿಗೆ ನಿಂತಿತು ಎನ್ನಿ. ಕೊಂಡವರು ಶೇ 20ರಷ್ಟು ಶುಲ್ಕ ಸೇರಿಸಿ 1.20 ಲಕ್ಷ ಕೊಡಬೇಕು, ತೆರಿಗೆ ಬೇರೆ. ಮುಂದೆ ಅದನ್ನೇ ಮಾರುವಾಗ ಹರಾಜು ಮನೆ ಶೇ 10 ಹಿಡಿದುಕೊಂಡರೆ, ಹಾಕಿದ ಅಸಲು ಕೈಗೆ ಬರಬೇಕಾದರೂ ಕೂಗು 1.33 ಲಕ್ಷ ದಾಟಬೇಕು. ಎಂದರೆ ಬೆಲೆ ಮೂರನೇ ಒಂದು ಭಾಗ ಏರಿದ ಮೇಲೆ ಲಾಭದ ಮೊದಲ ರೂಪಾಯಿ. ಷೋರೂಮಿನಲ್ಲಿ ಕೊಂಡಿದ್ದರೆ ಹಾದಿ ಇನ್ನೂ ದೂರ, ಏಕೆಂದರೆ ಷೋರೂಮಿನ ಬೆಲೆಯಲ್ಲಿ ಬಾಡಿಗೆ, ಸಂಬಳ, ಕರೆತಂದವರ ಕಮಿಷನ್ ಎಲ್ಲವೂ ಸೇರಿರುತ್ತವೆ.

ಹಾಗಾದರೆ ಪತ್ರಿಕೆಗಳಲ್ಲಿ ಓದುವ ಕೋಟಿಗಳ ಸುದ್ದಿ? ಅದೂ ನಿಜ. 2013ರ ಡಿಸೆಂಬರಿನಲ್ಲಿ ಕ್ರಿಸ್ಟೀಸ್ ಹರಾಜು ಮನೆ ಮುಂಬೈಯಲ್ಲಿ ನಡೆಸಿದ ಮೊದಲ ಹರಾಜಿನಲ್ಲಿ ವಿ.ಎಸ್. ಗಾಯತೊಂಡೆಯವರ ಚಿತ್ರವೊಂದು 23.7 ಕೋಟಿಗೆ ಹೋಯಿತು. 2023ರಲ್ಲಿ ರಾಜಾ ರವಿವರ್ಮರ ಯಶೋದಾ–ಕೃಷ್ಣ ಚಿತ್ರ 38 ಕೋಟಿ, ಅಮೃತಾ ಷೇರ್‌ಗಿಲ್ ಅವರ ‘ದಿ ಸ್ಟೋರಿ ಟೆಲ್ಲರ್’ 61.8 ಕೋಟಿ ತಂದವು. 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಎಂ.ಎಫ್. ಹುಸೇನರ ‘ಗ್ರಾಮಯಾತ್ರೆ’ ಸುಮಾರು 118 ಕೋಟಿ ರೂಪಾಯಿಗೆ ಮಾರಾಟವಾಯಿತು.

ಈ ಕೊನೆಯ ಚಿತ್ರದ ಚರಿತ್ರೆ ಗಮನಿಸಬೇಕು. ಅದು 1954ರ ಕೆಲಸ. ದೆಹಲಿಗೆ ಬಂದಿದ್ದ ನಾರ್ವೆಯ ವೈದ್ಯರೊಬ್ಬರು ಹುಸೇನರಿಗೆ ಇನ್ನೂ ಈ ಹೆಸರಿಲ್ಲದ ಕಾಲದಲ್ಲಿ ಅದನ್ನು ಕೊಂಡರು. 1964ರಲ್ಲಿ ಅದು ಆಸ್ಲೋ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಹೋಯಿತು. ದಶಕಗಳ ಕಾಲ ಹೊರಗಿನವರ ಕಣ್ಣಿಗೆ ಬೀಳದೆ ಅಲ್ಲೇ ಉಳಿಯಿತು. ಆ ವೈದ್ಯರು ಲಾಭಕ್ಕಾಗಿ ಕೊಂಡವರಲ್ಲ, ಲಾಭ ಉಂಡವರೂ ಅಲ್ಲ. ಕೋಟಿ ಬೆಲೆ ಬಂದದ್ದು ಇಂಥ ಬೆರಳೆಣಿಕೆಯ ಕಲಾವಿದರ, ಒಂದೇ ಒಂದು ಪ್ರತಿಯಿರುವ, ಯಾರಿಂದ ಯಾರ ಕೈಗೆ ಬಂತು ಎಂಬ ದಾಖಲೆ ಉಳಿದ ಕೃತಿಗಳಿಗೆ. ಅವರ ಜೊತೆ ಬರೆಯುತ್ತಿದ್ದ ಸಾವಿರಾರು ಕಲಾವಿದರ ಚಿತ್ರಗಳಿಗೆ ಇಂದು ಹರಾಜಿನಲ್ಲಿ ಜಾಗವೇ ಇಲ್ಲ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ 26 ಚಿತ್ರಗಳಿವೆ. ಕೆ. ಕೇಶವಯ್ಯನವರಂಥ ಸಮರ್ಥರು ಅವುಗಳಲ್ಲಿ ಕೆಲಸ ಮಾಡಿದರು. ಅವುಗಳ ಮುಂದೆ ನಿಂತು ಬೆರಗಾಗುವ ಲಕ್ಷಾಂತರ ಜನರಲ್ಲಿ ಎಷ್ಟು ಮಂದಿಗೆ ಆ ಹೆಸರು ಗೊತ್ತು? ಕಲೆಯ ಗುಣ ಬೇರೆ, ಪೇಟೆಯ ಬೆಲೆ ಬೇರೆ.

ಮೈಸೂರು ಚಿತ್ರದ ಹಿನ್ನೆಲೆ

1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಚಿತ್ರಗಾರರು ದಿಕ್ಕಾಪಾಲಾದರು. ಶ್ರೀರಂಗಪಟ್ಟಣದಲ್ಲಿ ಅವರಿಗೆ ಆಶ್ರಯ ಕೊಟ್ಟವರು ರಾಜ ಒಡೆಯರು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಶೈಲಿ ತುಂಬು ಬೆಳೆಗೆ ಬಂತು. ‘ಶ್ರೀತತ್ತ್ವನಿಧಿ’ ಗ್ರಂಥದ ಸಚಿತ್ರ ಪ್ರತಿಗಳು, ಗಂಜೀಫಾ ಆಟದ ಎಲೆಗಳು, 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಭಿತ್ತಿಚಿತ್ರಗಳು ಆ ಕಾಲದ ಫಲ. 2005ರಲ್ಲಿ ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಮಾನ್ಯತೆ, ಸಿಕ್ಕಿತು. ಬೀಟೆ ಮರದ ಕುಸುರಿ ಕೆಲಸಕ್ಕೂ, ನಂತರ ಗಂಜೀಫಾಕ್ಕೂ ಅದು ದೊರೆಯಿತು.

ಜಿಐ ಗುರುತಿದ್ದರೆ ಸಾಕು ಎಂದು ಕೊಳ್ಳುವವರು ನೆಮ್ಮದಿಯಾಗಿಬಿಡಬಾರದು. ಅದು ಈ ಹೆಸರನ್ನು ಬೇರೆ ಊರಿನವರು ಬಳಸದಂತೆ ಕಾಪಾಡುತ್ತದೆ. ನಿಮ್ಮ ಮುಂದಿರುವ ಚಿತ್ರ ಒಳ್ಳೆಯದೇ ಎಂಬುದಕ್ಕೆ ಅದು ಹೊಣೆಯಲ್ಲ. ಅದನ್ನು ಕಣ್ಣೇ ಹೇಳಬೇಕು.

ಕೈಯ ಕೆಲಸವನ್ನು ಗುರುತಿಸುವ ಬಗೆ

ಸಂಪ್ರದಾಯದ ಕ್ರಮದಲ್ಲಿ ಚಿತ್ರಗಾರರು ಮರದ ಹಲಗೆಗೆ ಅಂಟಿಸಿದ ಕಾಗದದ ಮೇಲೆ ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಿಂದ ಮೊದಲ ರೇಖೆ ಹಾಕುತ್ತಾರೆ. ಆಮೇಲೆ ಆಭರಣ, ಕಿರೀಟ, ಸಿಂಹಾಸನ, ಪ್ರಭಾವಳಿ ಬರುವ ಜಾಗಕ್ಕೆ ಬಿಳಿ ಸಫೇದಕ್ಕೆ ಗೋಂದು ಸೇರಿಸಿ ಕಲಸಿದ ಲೇಪವನ್ನು ಸಣ್ಣ ಕುಂಚದಲ್ಲಿ ಎಳೆ ಎಳೆಯಾಗಿ ಬಿಡುತ್ತಾರೆ. ಮಕ್ಕಿ ಸಫೇದ ಎನ್ನುವುದು ಇದನ್ನೇ. ಒಣಗಿದ ಉಬ್ಬಿನ ಮೇಲೆ ಚಿನ್ನದ ರೇಕು ಕೂರಿಸಿ, ಉಳಿದ ಕಡೆ ಬಣ್ಣ ತುಂಬುತ್ತಾರೆ. ಕೊನೆಗೆ ತೆಳುವಾದ ಕಾಗದ ಮುಚ್ಚಿ ನುಣುಪು ಕಲ್ಲಿನಿಂದ ಹಗುರವಾಗಿ ಉಜ್ಜಿದಾಗ ಚಿನ್ನ ಹೊಳಪಿಗೆ ಬರುತ್ತದೆ. ಇಷ್ಟಕ್ಕೆ ವಾರಗಳು, ದೊಡ್ಡ ಚಿತ್ರವಾದರೆ ತಿಂಗಳುಗಳು ಹಿಡಿಯುತ್ತವೆ.

ತಂಜಾವೂರು ಚಿತ್ರದಲ್ಲಿ ಉಬ್ಬು ದಪ್ಪ, ಬಣ್ಣದ ಕಲ್ಲುಗಳೂ ಕೂತಿರುತ್ತವೆ. ಮೈಸೂರಿನ ಉಬ್ಬು ಬಹಳ ತೆಳು, ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಎದ್ದು ಕಾಣುವಷ್ಟು. ಹಾಗೆ ಹಿಡಿದು ನೋಡುವುದೇ ಮೊದಲ ಪರೀಕ್ಷೆ. ದೇವಿಯ ಕೊರಳಿನ ಸರದ ಮಣಿಗಳು ಒಂದೊಂದಾಗಿ ಬಿಡಿಸಿ ಕಾಣಬೇಕು. ಉಬ್ಬು ಒಡೆದು ಚೂರಾಗಿರಬಾರದು. ಎರಡನೆಯದು ಮುಖ. ಹುಬ್ಬು, ಕಣ್ರೆಪ್ಪೆ, ತುಟಿಯ ಅಂಚು ಒಂದೇ ಉಸಿರಿನ ಗೆರೆಯಲ್ಲಿ ಬಂದಿವೆಯೇ, ಅಳುಕಿ ತಿದ್ದಿದ ಗೆರೆಗಳೇ ಎಂದು ಗಮನಿಸಬೇಕು. ಚಿತ್ರಗಾರರ ಕೈ ಅಳೆಯುವುದು ಕಣ್ಣು ಬರೆದಲ್ಲಿ.

ಮೂರನೆಯದು ಭೂತಗನ್ನಡಿ. ಅದರಡಿಯಲ್ಲಿ ಬಣ್ಣ ಸಣ್ಣ ಸಣ್ಣ ಚುಕ್ಕಿಗಳ ಸಾಲಾಗಿ ಒಡೆದು ಕಂಡರೆ ಅದು ಅಚ್ಚು. ರೇಖೆಯನ್ನು ಮುದ್ರಿಸಿ, ಮೇಲೆ ಕೈಯಿಂದ ಬಣ್ಣ ಹಚ್ಚಿ, ಒಡವೆಗೆ ರೇಕು ಅಂಟಿಸಿದ ಚಿತ್ರಗಳೂ ಮಾರಾಟಕ್ಕಿವೆ. ಅವನ್ನು ಅವುಗಳ ಬೆಲೆಗೆ ಕೊಳ್ಳಲಡ್ಡಿಯಿಲ್ಲ, ಪೂರ್ತಿ ಕೈಚಿತ್ರದ ಬೆಲೆಗೆ ಕೊಳ್ಳಬಾರದು. ನಾಲ್ಕನೆಯದು ಚಿನ್ನ. ತಾಮ್ರ, ಸತುವು ಬೆರೆಸಿದ ನಕಲಿ ರೇಕು ಹೊಸದರಲ್ಲಿ ಅಸಲಿಗಿಂತ ಹೆಚ್ಚು ಮಿರುಗುತ್ತದೆ, ವರ್ಷಗಳು ಕಳೆದಂತೆ ಕಪ್ಪಿಡುತ್ತದೆ. ಅಸಲಿ ಚಿನ್ನದ ರೇಕು ಬಳಸಿದ್ದರೆ ಹಾಗೆಂದು ಬಿಲ್ಲಿನಲ್ಲಿ ಬರೆದುಕೊಡಲು ಕೇಳಿ. ಬರೆದುಕೊಡಲು ಹಿಂದೇಟು ಹಾಕಿದರೆ ಅದೇ ಉತ್ತರ.

ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ಜಗನ್ಮೋಹನ ಅರಮನೆಯ ಜಯಚಾಮರಾಜೇಂದ್ರ ಕಲಾ ಗ್ಯಾಲರಿಯಲ್ಲಿ ದೀಪ ಹಿಡಿದು ನಿಂತ ಹೆಣ್ಣುಮಗಳ ಚಿತ್ರವಿದೆ. ಅಂಗೈ ಮರೆಮಾಡಿದ ಜ್ವಾಲೆಯ ಬೆಳಕು ಬೆರಳ ಸಂದಿಯಿಂದ ಕೆಂಪಾಗಿ ಸೋರುತ್ತದೆ. ಅದನ್ನು ರವಿವರ್ಮರದೆಂದು ಹೇಳುವವರು ಇಂದಿಗೂ ಬಹಳ ಜನ. ರವಿವರ್ಮರು ತೀರಿಕೊಂಡದ್ದು 1906ರಲ್ಲಿ. ಈ ಚಿತ್ರವನ್ನು ಎಸ್.ಎಲ್. ಹಳದಣಕರ್ ಅವರು ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದದ್ದು 1945ರ ಸುಮಾರಿಗೆ. ಅದು ತೈಲವರ್ಣವೂ ಅಲ್ಲ, ಜಲವರ್ಣ. ಇಷ್ಟು ಪ್ರಸಿದ್ಧ ಚಿತ್ರಕ್ಕೇ ತಪ್ಪು ಹೆಸರು ಅಂಟಿಕೊಳ್ಳುವಾಗ, ಅಂಗಡಿಯವರ ಬಾಯಲ್ಲಿ ಬರುವ ‘ಅರಮನೆ ಕಲಾವಿದರ ಮನೆತನದ್ದು’ ಎಂಬ ಮಾತಿಗೆ ಕಾಗದ ಕೇಳುವುದರಲ್ಲಿ ಸಂಕೋಚ ಬೇಡ.

ಹಳೆಯದೆಂದರೆ ಕಾನೂನು ಬರುತ್ತದೆ

ನೂರು ವರ್ಷ ಹಳೆಯದು ಎಂದು ಯಾರಾದರೂ ಚಿತ್ರ ತೋರಿಸಿದರೆ ಸಂತೋಷಪಡುವ ಮೊದಲು 1972ರ ಪುರಾವಸ್ತು ಮತ್ತು ಕಲಾ ಸಂಪತ್ತು ಕಾಯಿದೆ ನೆನಪಿರಲಿ. ನೂರು ವರ್ಷ ದಾಟಿದ ಚಿತ್ರ ಪುರಾವಸ್ತು. ಅದನ್ನು ನೋಂದಾಯಿಸಬೇಕು, ಮಾರುವವರಿಗೆ ಪರವಾನಗಿ ಇರಬೇಕು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಒಯ್ದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ. ರವಿವರ್ಮ, ರವೀಂದ್ರನಾಥ ಟಾಗೋರ್, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಷೇರ್‌ಗಿಲ್, ನಿಕೋಲಸ್ ರೋರಿಕ್ ಮೊದಲಾದ ಒಂಬತ್ತು ಕಲಾವಿದರ ಕೃತಿಗಳು ಕಲಾ ಸಂಪತ್ತು ಎಂದು ಘೋಷಿತವಾಗಿರುವುದರಿಂದ ಅವೂ ಗಡಿ ದಾಟುವಂತಿಲ್ಲ.

ಮೈಸೂರಿನ ಹಳೆಯ ಮನೆಗಳಲ್ಲಿ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿಯರ ಪಟಗಳು ಈಗಲೂ ಇವೆ. 1894ರಲ್ಲಿ ಮುಂಬೈಯಲ್ಲಿ ಶುರುವಾದ ಆ ಮುದ್ರಣಾಲಯದ ಹಳೆಯ ಅಚ್ಚುಗಳಿಗೆ ಅವುಗಳದೇ ಮೌಲ್ಯವಿದೆ. ಅವುಗಳ ಮರು ಅಚ್ಚುಗಳೂ ಲೆಕ್ಕವಿಲ್ಲದಷ್ಟಿವೆ. ಮನೆಯಲ್ಲಿ ಅಂಥ ಪಟವಿದ್ದವರು ಗುಜರಿಗೆ ಹಾಕುವ ಮೊದಲು ತಿಳಿದವರಿಗೆ ತೋರಿಸಬೇಕು. ಕೊಳ್ಳುವವರು ಹಳೆಯ ಫ್ರೇಮು ನೋಡಿ ಮರುಳಾಗಬಾರದು.

ವಿದೇಶದಲ್ಲಿರುವ ಕನ್ನಡಿಗರು ಹೊಸ ಚಿತ್ರ ಒಯ್ಯುವುದಾದರೆ ಯಾವ ತೊಡಕೂ ಇಲ್ಲ. ಕಲಾವಿದರ ಹೆಸರು, ಬರೆದ ವರ್ಷ ಇರುವ ಬಿಲ್ಲು ಜೊತೆಗಿರಲಿ. ಅನುಮಾನ ಬರುವಷ್ಟು ಹಳೆಯ ಛಾಯೆಯ ಚಿತ್ರವಾದರೆ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಇದೆ. ಬೀಟೆ ಮರದ ಕುಸುರಿಗೆ ಬೇರೆ ನಿಯಮ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಬೀಟೆ 2017ರಲ್ಲಿ ಸೇರಿತು. ಹೀಗಾಗಿ ದೊಡ್ಡ ಪ್ರಮಾಣದಲ್ಲಿ ಹೊರಗೆ ಕಳಿಸಲು ಕಾಗದಪತ್ರ ಬೇಕು. ಆನೆಯ ದಂತ ಕೂರಿಸಿದ ಹಳೆಯ ಕುಸುರಿಯ ವ್ಯಾಪಾರವಂತೂ ನಿಷಿದ್ಧ. ಯಾರು ಎಷ್ಟೇ ಪುಸಲಾಯಿಸಿದರೂ ಅದರ ಹತ್ತಿರ ಹೋಗಬೇಡಿ.

ತೆರಿಗೆಯ ಮಾತು

ಚಿತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಸಣ್ಣ ವಹಿವಾಟಿನ ಕಲಾವಿದರು ಜಿಎಸ್‌ಟಿ ನೋಂದಣಿಯ ಮಿತಿಯೊಳಗೇ ಇರುವುದರಿಂದ ಅವರ ಸಾದಾ ಬಿಲ್ಲು ನ್ಯಾಯಬದ್ಧವೇ. ಇನ್ನು ಮಾರುವಾಗ, ಚಿತ್ರವೂ ಬಂಡವಾಳ ಆಸ್ತಿ. ಮನೆಯ ಪೀಠೋಪಕರಣದಂತೆ ಅದಕ್ಕೆ ವಿನಾಯಿತಿಯಿಲ್ಲ. 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ ಈಗಿನ ನಿಯಮದಂತೆ ಲಾಭದ ಮೇಲೆ ಶೇ 12.5 ತೆರಿಗೆ. ಹೂಡಿಕೆಯೆಂದು ಚಿತ್ರ ಕೊಳ್ಳುವವರ ಲೆಕ್ಕದಲ್ಲಿ ಇದು ಬಹಳ ಸಲ ಬಿಟ್ಟುಹೋಗುತ್ತದೆ.

ಎಲ್ಲಿ, ಹೇಗೆ ಕೊಳ್ಳಬೇಕು?

ಮೊದಲ ಆಯ್ಕೆ ಕಲಾವಿದರ ಮನೆ. ಮೈಸೂರಿನಲ್ಲಿ ಈ ಶೈಲಿಯಲ್ಲಿ ಬರೆಯುವವರು ಹಲವು ಬಡಾವಣೆಗಳಲ್ಲಿದ್ದಾರೆ, ಕೆಲವರು ಪಾಠವನ್ನೂ ಹೇಳುತ್ತಾರೆ. ಹಾಗೆ ಕೊಂಡಾಗ ಅರ್ಧ ಬರೆದ ಹಲಗೆ, ಒಣಗುತ್ತಿರುವ ಸಫೇದ, ರೇಕಿನ ಪುಟ್ಟ ಪುಸ್ತಕ ಎಲ್ಲವನ್ನೂ ಕಣ್ಣಾರೆ ನೋಡಬಹುದು. ಯಾವ ದೇವತೆ, ಎಷ್ಟು ಅಳತೆ, ಯಾವ ಬಣ್ಣ ಎಂದು ಹೇಳಿ ಬರೆಸಬಹುದು. ಕೊಟ್ಟ ಹಣ ಪೂರ್ತಿ ಬರೆದವರಿಗೇ ಸೇರುತ್ತದೆ. 1906ರಲ್ಲಿ ಶಂಕುಸ್ಥಾಪನೆಯಾದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಪರಂಪರೆಯಲ್ಲಿ ಬಂದ ಕಾವಾ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯ ಪ್ರದರ್ಶನಗಳಲ್ಲಿ ಎಳೆಯ ಕಲಾವಿದರ ಸಮಕಾಲೀನ ಕೆಲಸ ನೋಡಲು ಸಿಗುತ್ತದೆ. ಹೊಸ ಹೆಸರುಗಳನ್ನು ಹುಡುಕುವವರಿಗೆ ಅದು ಒಳ್ಳೆಯ ಜಾಗ.

ಎರಡನೆಯದು ಚಿತ್ರಸಂತೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತಿರುವ ಈ ಸಂತೆಗೆ ಜನವರಿಯಲ್ಲಿ ಸಾವಿರಕ್ಕೂ ಹೆಚ್ಚು ಕಲಾವಿದರು ಬರುತ್ತಾರೆ. ನಡುವೆ ದಲ್ಲಾಳಿಗಳಿಲ್ಲ. ಮೈಸೂರು ಶೈಲಿಯ ಹತ್ತಾರು ಕೈಗಳನ್ನು ಒಂದೇ ದಿನ ಪಕ್ಕಪಕ್ಕ ಹೋಲಿಸಿ ನೋಡಬಹುದು. ಹಡಗಿನಲ್ಲಿ, ಷೋರೂಮಿನಲ್ಲಿ ಇಲ್ಲದ್ದು ಈ ಹೋಲಿಕೆಯ ಅವಕಾಶವೇ. ಮೂರನೆಯದು ಸರ್ಕಾರಿ ಮಳಿಗೆ. ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಎಂಪೋರಿಯಂ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿದೆ. ಅಲ್ಲಿ ಬೆಲೆ ನಿಗದಿ, ಬಿಲ್ಲು ಖಚಿತ. ಬೇರೆ ಎಲ್ಲಿ ಕೊಳ್ಳುವುದಾದರೂ ಮೊದಲು ಇಲ್ಲಿ ಒಮ್ಮೆ ಬೆಲೆ ನೋಡಿಕೊಂಡು ಹೋಗುವುದು ಜಾಣತನ.

ಖಾಸಗಿ ಷೋರೂಮುಗಳೆಲ್ಲ ಮೋಸದವು ಎಂದು ನಾನು ಹೇಳುತ್ತಿಲ್ಲ. ತಲೆಮಾರುಗಳಿಂದ ಕಲಾವಿದರನ್ನು ಸಾಕಿದ ಅಂಗಡಿಗಳೂ ಇವೆ. ಆದರೆ ಎಲ್ಲಿಯಾದರೂ ಸರಿ, ನಾಲ್ಕು ವಿಷಯ ಬರಹದಲ್ಲಿರಲಿ: ಕಲಾವಿದರ ಹೆಸರು, ಬರೆದ ವರ್ಷ, ಪೂರ್ತಿ ಕೈಚಿತ್ರವೋ ಅಚ್ಚಿನ ಮೇಲಿನ ಕೆಲಸವೋ ಎಂಬುದು, ರೇಕು ಅಸಲಿಯೋ ಅಲ್ಲವೋ ಎಂಬುದು. ಕರೆದೊಯ್ದವರ ಜೊತೆ ಅಂಗಡಿಗೆ ಹೋದ ದಿನವೇ ಕೊಳ್ಳಬೇಡಿ. ಒಂದು ರಾತ್ರಿ ಕಳೆಯಲಿ. ಬೆಳಿಗ್ಗೆಯೂ ಅದೇ ಚಿತ್ರ ಬೇಕೆನಿಸಿದರೆ ನೀವೇ ಹೋಗಿ ಬೆಲೆ ಕೇಳಿ.

ಒಟ್ಟಿನಲ್ಲಿ ನನ್ನ ತೀರ್ಮಾನ ಇದು. ಹಡಗಿನ ಹರಾಜಿನಲ್ಲಿ ಹೂಡಿಕೆಯೆಂದು ಚಿತ್ರ ಕೊಳ್ಳಬೇಡಿ. ಯಾವುದೋ ಚಿತ್ರ ಬಹಳ ಹಿಡಿಸಿದರೆ, ಮರಳಿ ಒಂದು ಪೈಸೆಯೂ ಬಾರದೆಂದು ತಿಳಿದೇ ಕೊಡಬಹುದಾದಷ್ಟು ಮಾತ್ರ ಕೊಡಿ. ಪ್ರವಾಸಿ ಷೋರೂಮಿಗೂ ಇದೇ ಮಾತು ಅನ್ವಯಿಸುತ್ತದೆ. ಮನೆಯ ಗೋಡೆಗೆ ದಿನವೂ ನೋಡಿ ಸಂತೋಷಪಡುವ ಒಂದು ಚಿತ್ರ ಬೇಕಿದ್ದರೆ, ಆ ಹಣ ಮೈಸೂರಿನ ಚಿತ್ರಗಾರರ ಮನೆಗೆ ನೇರವಾಗಿ ಹೋಗಲಿ. ಹುಣಸೆ ಇದ್ದಿಲಿನ ಗೆರೆಯಿಂದ ಚಿನ್ನದ ಹೊಳಪಿನವರೆಗಿನ ಈ ಕೆಲಸವನ್ನು ಕಲಿಯಲು ವರ್ಷಗಳು ಬೇಕು. ಕೊಳ್ಳುವವರು ಕೈಚಿತ್ರಕ್ಕೂ ಅಚ್ಚಿಗೂ ವ್ಯತ್ಯಾಸ ಕಾಣದೆ ಹೋದರೆ ಕಲಿಯುವ ಹುಡುಗ ಹುಡುಗಿಯರು ಬೇರೆ ಕಸುಬು ಹುಡುಕಿಕೊಳ್ಳುತ್ತಾರೆ. ಮುಂದಿನ ಸಲ ಮಕ್ಕಳ ಮನೆಗೆ ಅಮೆರಿಕಕ್ಕೆ ಹೊರಡುವಾಗ ಅಲ್ಲಿಂದ ಚಿತ್ರ ತರುವ ಬದಲು, ಇಲ್ಲಿಂದ ಕಲಾವಿದರ ಸಹಿಯಿರುವ ಒಂದು ಮೈಸೂರು ಚಿತ್ರವನ್ನು ಬಿಲ್ಲಿನ ಸಮೇತ ಕೊಂಡೊಯ್ಯಿರಿ.